ಮೇ ಎಂಟರ ರೈಲು

ರೆಮಿ ಕೀಫರನ ಹೆಂಡತಿ ಓದಿಲ್ ಫ್ರಾನ್ಸಿನ ಕ್ಯಾಲೆಂಡರು ನೋಡುತ್ತಿದ್ದಳು; ಅವನ ಆಫೀಸು ಲಕ್ಸೆಂಬರ್ಗಿನ ಕ್ಯಾಲೆಂಡರು ನೋಡುತ್ತಿತ್ತು. ಎರಡನ್ನೂ ಒಟ್ಟಿಗೆ ನೋಡುತ್ತಿದ್ದವನು ರೆಮಿ ಒಬ್ಬನೇ. ತಂಟೆ ಶುರುವಾದದ್ದು ಅಲ್ಲಿಂದ.

ಫ್ರಾನ್ಸಿನ ಗಡಿಯಂಚಿನ ಬ್ರೆವಾಂಜ್ ಎಂಬ ಊರಲ್ಲಿ ಅವನ ಮನೆ, ಗಡಿಯಾಚೆ ಲಕ್ಸೆಂಬರ್ಗಿನ ವಿಮಾ ಕಂಪನಿಯಲ್ಲಿ ಕೆಲಸ. ಯುದ್ಧ ಮುಗಿದ ದಿನವೆಂದು ಮೇ ಎಂಟಕ್ಕೆ ಈಚೆ ರಜೆ, ಆಚೆ ಇಲ್ಲ. ಈಚೆ ರಜೆಯಾದ್ದರಿಂದ ಊರಿನ ಪುಟ್ಟ ರೈಲೂ ಅಂದು ಓಡುವುದಿಲ್ಲ. ಉಳಿದವರೆಲ್ಲ ಕಾರಿನಲ್ಲಿ ಹೋಗುವವರು, ಅವರಿಗೆ ರೈಲಿನ ಗೊಡವೆಯಿಲ್ಲ. ರೆಮಿಗೆ ಕಾರು ಓಡಿಸಲು ಬಾರದು. ಹಾಗಾಗಿ ಆರು ವರ್ಷದಿಂದ ಅವನು ಹೆಂಡತಿಗೆ "ಅಲ್ಲಿ ರಜೆ ಇಲ್ಲ ಕಣೆ, ಯಾರದಾದ್ರೂ ಕಾರು ಹತ್ತಿ ಹೋಗ್ಲೇಬೇಕು" ಎನ್ನುತ್ತಿದ್ದ. ಆಫೀಸಿಗೆ ಫೋನು ಮಾಡಿ "ಇಲ್ಲಿ ರಜೆ, ರೈಲಿಲ್ಲ" ಎನ್ನುತ್ತಿದ್ದ. ಎರಡೂ ಅರ್ಧ ಅರ್ಧ ನಿಜವೇ. ಮಿಕ್ಕಿದ ಇಡೀ ದಿನ ರೆಮಿಯ ಪಾಲಿಗೆ.

ಅಷ್ಟು ಮಾಡಿ ಅವನು ಮಾಡುತ್ತಿದ್ದುದಾದರೂ ಏನು? ರೈಲುಹಳಿಯ ಪಕ್ಕದ ಹಳೇ ಗಣಿಯ ಹೊಂಡಕ್ಕೆ ಗಾಳ ಹಾಕಿ ಸುಮ್ಮನೆ ಕೂರುವುದು. ಸಿಕ್ಕ ಮೀನನ್ನು ಮತ್ತೆ ನೀರಿಗೇ ಬಿಡುವುದು. ಮನೆಗೆ ಒಯ್ದರೆ ಗುಟ್ಟು ರಟ್ಟಾಗುತ್ತದಲ್ಲ. ಓದಿಲ್ ಬುತ್ತಿ ಕಟ್ಟಿಕೊಡುವಾಗ ಅವನಿಗೆ ಪ್ರತಿ ಸಲವೂ ನಾಚಿಕೆಯಾಗುತ್ತಿತ್ತು. ನಾಚಿಕೊಂಡೇ ಮಧ್ಯಾಹ್ನ ಬುತ್ತಿ ಖಾಲಿ ಮಾಡುತ್ತಿದ್ದ.

ಈ ಸಲ ಅವಳು ಬಾಗಿಲಲ್ಲಿ ತಡೆದಳು. "ಈ ವರ್ಷವೂ ಯುದ್ಧಸ್ಮಾರಕದ ಹತ್ರ ನಾನೊಬ್ಳೇ ನಿಂತ್ಕೋಬೇಕಾ? ಯುದ್ಧದಲ್ಲಿ ಹೋದ ನಮ್ಮ ತಾತನ ಹೆಸರು ಓದೋವಾಗ ಪಕ್ಕದಲ್ಲಿ ನೀನಿದ್ರೆ ಚೆನ್ನಾಗಿರತ್ತೆ."

"ನಂಗೇನು ಆಸೆ ಇಲ್ವಾ? ಆ ದೇಶದೋರಿಗೆ ಕರುಣೆಯೇ ಇಲ್ಲ, ಏನ್ಮಾಡ್ಲಿ," ಎಂದ ರೆಮಿ. ಬೆಳಗ್ಗೆ ಏಳು ಗಂಟೆಗೇ ಒಂದು ಇಡೀ ದೇಶದ ಮೇಲೆ ಅಪವಾದ ಹೊರಿಸಿ, ತಲೆ ತಗ್ಗಿಸಿ ಹೊರಟ. ದಾರಿಯಲ್ಲೇ ಆಫೀಸಿಗೆ ಎಂದಿನ ಫೋನು ಮಾಡಿದ. ಆ ಕಡೆ ಸಹೋದ್ಯೋಗಿ ಜೋಸಿ ಯಾಕೋ ಕಿಸಕ್ಕನೆ ನಕ್ಕ.

ಹತ್ತು ಗಂಟೆಗೆ ರೆಮಿ ಪ್ಯಾಂಟು ಮಡಚಿ ಹೊಂಡದ ದಡದಲ್ಲಿ ಕೂತಿದ್ದಾಗ ರೈಲಿನ ಸಿಳ್ಳೆ ಕೇಳಿತು. ಓಡಲೇಬಾರದ ರೈಲು ಕಣ್ಣೆದುರೇ ಬಂತು. ಕಿಟಕಿಯಲ್ಲಿ ಜೋಸಿಯ ಬೋಳುತಲೆ. "ನೋಡ್ರೋ, ಅಲ್ಲಿದಾನೆ ನಮ್ಮ ರೆಮಿ."

ಜೊಂಡಿನ ಹಿಂದೆ ಅಡಗಲು ಹೋದ ರೆಮಿ ಜಾರಿ ಸೊಂಟದವರೆಗೆ ನೀರಿಗಿಳಿದ. ನಿಲ್ದಾಣ ನೂರು ಹೆಜ್ಜೆ ದೂರ. ಜೋಸಿ ಆಫೀಸಿನ ಇಬ್ಬರನ್ನು ಕಟ್ಟಿಕೊಂಡು ಓಡಿಬಂದು ಅವನನ್ನು ಗಾಳದ ಸಮೇತ ಮೇಲೆತ್ತಿ, ದಡದಲ್ಲಿದ್ದ ಬುತ್ತಿಯನ್ನೂ ಕೈಗಿತ್ತ.

"ಪಾಪ, ರೈಲಿಲ್ದೆ ಹಿಂಗೆ ಹೊತ್ತು ಕಳೀತಿದ್ಯಾ? ಇನ್ನು ಆ ಗೋಳಿಲ್ಲ ಬಿಡು. ನಿನ್ನ ಹೆಸರಲ್ಲಿ ಅರ್ಜಿ ಬರೆದು ಮುನ್ನೂರು ಸಹಿ ಹಾಕ್ಸಿದ್ವಿ. ಇನ್ಮೇಲೆ ನಿಮ್ಮ ರಜಾದಿನದಲ್ಲೂ ರೈಲು ಓಡತ್ತೆ. ಇವತ್ತೇ ಮೊದಲನೇದು."

"ನಾನು ಕೇಳಿರ್ಲಿಲ್ವಲ್ಲ," ಎಂದ ರೆಮಿ, ಕ್ಷೀಣವಾಗಿ.

"ಅದೇ ನೋಡು ನಿನ್ನ ದೊಡ್ಡತನ."

ಪ್ಲಾಟ್‌ಫಾರ್ಮಿನಲ್ಲಿ ಎದೆಗೆ ಅಡ್ಡಲಾಗಿ ಮೂರು ಬಣ್ಣದ ಪಟ್ಟಿ ಧರಿಸಿದ ಮೇಯರು, ಊರಿನ ಬ್ಯಾಂಡು. ಹೊಸ ರೈಲಿನ ಗುಟ್ಟು ಮೊದಲೇ ತಿಳಿದಿದ್ದ ಮೇಯರು ಸ್ಮಾರಕದಿಂದ ಇಡೀ ಊರನ್ನು ನೇರ ಇಲ್ಲಿಗೇ ಕರೆತಂದಿದ್ದರು. ಮುಂದಿನ ಸಾಲಿನಲ್ಲಿ ಕಪ್ಪು ಕೋಟಿನ ಓದಿಲ್ ಇದ್ದಳು. ನೀರು ತೊಟ್ಟಿಕ್ಕುವ ಗಂಡನನ್ನೂ ಗಾಳವನ್ನೂ ಅವಳು ಒಂದಾದ ಮೇಲೊಂದು ನೋಡಿದಳು.

ಜೋಸಿ ಭಾಷಣಕ್ಕೆ ನಿಂತ. "ಈ ಮನುಷ್ಯ ಆರು ವರ್ಷದಿಂದ ಪ್ರತಿ ಮೇ ಎಂಟಕ್ಕೂ ಫೋನ್ ಮಾಡಿ, 'ರೈಲಿಲ್ಲ ಜೋಸಿ, ಬರಕ್ಕಾಗಲ್ಲ' ಅಂತ ಅಳೋ ಹಾಗೆ ಹೇಳ್ತಿದ್ದ. ಕೇಳಿದ್ರೆ ಕರುಳು ಚುರುಕ್ ಅನ್ನೋದು."

ಜನ ಚಪ್ಪಾಳೆ ತಟ್ಟಿದರು. ರೆಮಿಗೆ ಮತ್ತೆ ಹೊಂಡಕ್ಕೆ ಹೋಗಿ ಕುತ್ತಿಗೆಯವರೆಗೆ ಮುಳುಗಿ ನಿಲ್ಲಬೇಕೆನ್ನಿಸಿತು.

"ಎಷ್ಟು ವರ್ಷ ಅಂದ್ರಿ?" ಓದಿಲ್ ಕೇಳಿದಳು.

"ಆರು ಮೇಡಂ. ಒಂದ್ ವರ್ಷವೂ ತಪ್ಪಿಸಿಲ್ಲ."

ಓದಿಲ್ ಗಂಡನ ಹತ್ತಿರ ಬಂದು ಒದ್ದೆ ತೋಳು ಮೂಸಿದಳು. "ಮೇ ಎಂಟಕ್ಕೆ ನಿಮ್ಮ ಆಫೀಸಲ್ಲಿ ಮೀನೂಟ ಹಾಕ್ತಾರೆ ಅಂದ್ಕೊಂಡಿದ್ದೆ," ಎಂದಳು, ಅವನಿಗಷ್ಟೇ ಕೇಳುವಂತೆ. "ಪ್ರತಿ ವರ್ಷ ಕೇಳೋರಿಗೆಲ್ಲ ಹೇಳ್ತಿದ್ದೆ, ನಮ್ಮನೆಯವ್ರಿಗೆ ರಜೆ ಸಿಗಲ್ಲ, ಪಾಪ ಅಂತ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ 'ಪಾಪ' ಎಂಬ ಮಾತಿಗೆ ಅವನ ಕಿವಿ ಬಿಸಿಯಾಯಿತು, ಕಣ್ಣು ತುಂಬಿತು. ಆರು ವರ್ಷ ಅವಳು ಆ ಕಲ್ಲಿನ ಮುಂದೆ ಒಬ್ಬಳೇ ನಿಂತಿದ್ದಳು. ಕಾಲು ಮೈಲಿ ದೂರದಲ್ಲಿ ತಾನು ಅವಳದೇ ಬುತ್ತಿ ತಿನ್ನುತ್ತಿದ್ದ.

"ತಪ್ಪಾಯ್ತು ಓದಿಲ್. ಮುಂದಿನ ವರ್ಷ ನಿನ್ನ ಪಕ್ಕದಲ್ಲೇ ನಿಂತ್ಕೋತೀನಿ. ನಿಜವಾಗ್ಲೂ."

ಅವಳು ಅವನ ಕೈಯಿಂದ ಗಾಳ ತೆಗೆದುಕೊಂಡು ಬುತ್ತಿಯನ್ನಷ್ಟೇ ಬಿಟ್ಟಳು. ಗಾರ್ಡು ಸಿಳ್ಳೆ ಊದಿದ. ಜೋಸಿ ಹಿಂದಿನಿಂದ ರೆಮಿಯ ತೋಳು ಹಿಡಿದು ಬೋಗಿಯೊಳಗೆ ಎಳೆಯುತ್ತಿದ್ದ: "ಹತ್ತೋ, ಇನ್ನೂ ಅರ್ಧ ದಿನದ ಕೆಲಸ ಇದೆ."

"ಹೇಗೆ ನಿಂತ್ಕೋತೀಯ?" ಎಂದಳು ಓದಿಲ್. "ಈಗ ರೈಲಿದೆಯಲ್ಲ."