ಮರೆಪ್ಪನವರ ಭಾನುವಾರದ ಗಿರಾಕಿ

ಮನೆಗೆ ಬರುವವರೆಲ್ಲ ಹೆಂಡತಿಯನ್ನು ನೋಡಲಿಕ್ಕೇ ಬಂದರೆ ಗಂಡನಾದವನು ಏನು ಮಾಡಬೇಕು? (ಅಪಾರ್ಥ ಬೇಡ, ಬರುವವರೆಲ್ಲ ಹೆಂಗಸರೇ.) ಗೋವಿಂದರಾಜನಗರದ ಆ ಮನೆಯ ಮುಂದಿನ ಕೋಣೆಯಲ್ಲಿ ತುಂಗಾ ಬ್ಲೌಸ್ ಹೊಲಿಯುತ್ತಿದ್ದರು. ಅಳತೆ ಕೊಡುವವರು, ಅಳತೆ ಕೊಟ್ಟ ಮೇಲೆ ದಪ್ಪಗಾಗಿ ಬಂದು ಜಗಳವಾಡುವವರು, ಸುಮ್ಮನೆ ಹರಟೆಗೆ ಬಂದವರು, ಎಲ್ಲ ಸೇರಿ ದಿನವೂ ಸಂತೆ. ಹಿಂದಿನ ಕೋಣೆಯಲ್ಲಿ ಅವರ ಯಜಮಾನರಾದ ಮರೆಪ್ಪನವರು ಮತ್ತು ಕೀಲಿ ಕೊಟ್ಟರೆ ಓಡುವ ನಲವತ್ತೊಂದು ಕೈಗಡಿಯಾರಗಳು. ಅತ್ತ ಯಾರೂ ತಲೆ ಹಾಕುತ್ತಿರಲಿಲ್ಲ. ಗಂಟೆ ಎಷ್ಟು ಅಂತ ಕೇಳುವುದಕ್ಕೂ ಅವರು ಬೇಕಿರಲಿಲ್ಲ.

ಒಂದು ಕಾಲದಲ್ಲಿ ಮರೆಪ್ಪನವರ ಮುಂದೆಯೂ ಕ್ಯೂ ನಿಲ್ಲುತ್ತಿತ್ತು. ಪೀಣ್ಯದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತು ವರ್ಷ ಕೂತವರು ಅವರು. ಎಂಟು ಗಂಟೆಗೆ ಒಂದು ನಿಮಿಷ ಮೀರಿದರೂ ಕೆಂಪು ಶಾಯಿ. ಕೈಮುಗಿದರೂ ಇಲ್ಲ, ಕಣ್ಣೀರಿಟ್ಟರೂ ಇಲ್ಲ. ಸ್ವಂತ ಭಾವಮೈದುನನಿಗೇ ಅರ್ಧ ದಿನದ ರಜೆ ಬರೆದ ಮಹಾನುಭಾವರು. ರಿಟೈರಾದ ದಿನ ಕಾರ್ಖಾನೆಯವರು ಒಂದು ಬ್ಯಾಟರಿ ಗಡಿಯಾರ ಕೊಟ್ಟು ಕಳಿಸಿದರು, ಆಮೇಲೆ ಒಬ್ಬರೂ ಫೋನ್ ಮಾಡಲಿಲ್ಲ. ಆ ಗಡಿಯಾರವನ್ನು ಅವರು ಬಚ್ಚಲುಮನೆಯ ಹೊರಗೆ ನೇತುಹಾಕಿ ಸೇಡು ತೀರಿಸಿಕೊಂಡಿದ್ದರು.

ಉಳಿದದ್ದು ಕೀಲಿ ವಾಚುಗಳು. ಗುಜರಿಯಲ್ಲಿ ಸತ್ತು ಬಿದ್ದಿದ್ದ ಹಳೇ ಎಚ್‌ಎಂಟಿಯನ್ನು ತಂದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬೆನ್ನು ಬಿಚ್ಚಿ, ಜಿಡ್ಡು ತೊಳೆದು, ಸೂಜಿಮೊನೆಯಷ್ಟು ಎಣ್ಣೆ ಬಿಟ್ಟು ಕೀಲಿ ತಿರುಗಿಸಿದರೆ, ಒಳಗಿನ ಪುಟ್ಟ ಚಕ್ರ ಒಮ್ಮೆ ನಡುಗಿ ಓಲಾಡತೊಡಗುತ್ತದಲ್ಲ, ಆಗ ಮರೆಪ್ಪನವರಿಗೆ ತಾವು ಸಾಕ್ಷಾತ್ ಬ್ರಹ್ಮದೇವರೇ ಅನ್ನಿಸಿಬಿಡುತ್ತಿತ್ತು. ಬ್ಯಾಟರಿ ವಾಚಿಗೆ ಯಾರೂ ಬೇಡ. ಕೀಲಿ ವಾಚಿಗೆ ದಿನಾ ಒಬ್ಬರು ಬೇಕು, ಇಲ್ಲದಿದ್ದರೆ ನಿಂತುಬಿಡುತ್ತದೆ. ತಮಗಾಗಿ ಕಾಯುವ ನಲವತ್ತೊಂದು ಜೀವಗಳಿವೆ ಎಂಬ ಧೈರ್ಯದಲ್ಲೇ ಅವರು ಬೆಳಿಗ್ಗೆ ಏಳುತ್ತಿದ್ದರು. ಆದರೆ ಮಾತಿಗೆ ಮನುಷ್ಯ ಬೇಕಲ್ಲ!

ಹಾಗಾಗಿ ಗೇಟಿಗೆ ಬೋರ್ಡ್ ಬಿತ್ತು: ‘ಕೀಲಿ ವಾಚುಗಳನ್ನು ಉಚಿತವಾಗಿ ರಿಪೇರಿ ಮಾಡಲಾಗುವುದು.’ ಜನ ಬಂದರು. ವಾಚು ಕೊಟ್ಟರು, ಓಡುವ ವಾಚು ಇಸಿದುಕೊಂಡರು, ಥ್ಯಾಂಕ್ಸ್ ಸಾರ್ ಅಂದರು, ಹೋದರು. ಹೋದವರು ಹೋದರೇ. ಹೀಗೆ ಮರೆಪ್ಪನವರು ತಮ್ಮ ಕೈಚಳಕದಿಂದಲೇ ಗಿರಾಕಿಗಳನ್ನು ಕಳೆದುಕೊಳ್ಳತೊಡಗಿದರು.

"ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ರೆ ಯಾರು ವಾಪಸ್ ಬರ್ತಾರೆ?" ಎಂದರು ತುಂಗಾ, ಹಲ್ಲಲ್ಲಿ ದಾರ ಕಡಿಯುತ್ತಾ. "ನಾನು ಮೇಲಿನ ಹುಕ್ಕು ಬೇಕಂತಲೇ ಸಡಿಲ ಬಿಡ್ತೀನಿ. ಭದ್ರ ಮಾಡಿಸ್ಕೊಳ್ಳೋಕೆ ಬರ್ತಾರೆ, ಬಂದೋರು ಇನ್ನೊಂದು ಪೀಸ್ ತರ್ತಾರೆ."

"ಮೋಸ ಕಣೇ ಅದು!" ಎಂದು ಗುಡುಗಿದ ಸತ್ಯಸಂಧರು ಮರುದಿನದಿಂದಲೇ ಅದನ್ನು ಜಾರಿಗೆ ತಂದರು. ವಾಚಿನ ಒಳಗೊಂದು ಸಣ್ಣ ಕಡ್ಡಿ ಇರುತ್ತದೆ. ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳಿದರೆ ವಾಚು ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತದೆ, ವಾರಕ್ಕೆ ಇಪ್ಪತ್ತೊಂದು. ಗಿರಾಕಿ ಬರಲೇಬೇಕು. ಬರಲಿಲ್ಲ! ಎಲ್ಲರೂ ಗಂಟೆ ನೋಡುವುದು ಮೊಬೈಲಿನಲ್ಲಿ. ಕೈಯಲ್ಲಿರುವ ವಾಚು ಹಿಂದಿದ್ದರೇನು, ಮುಂದಿದ್ದರೇನು?

ಬಂದವನು ಒಬ್ಬನೇ, ಬಾಳೇಶ. ಗೋಕಾಕದ ಕಡೆಯವನು, ಲಗ್ಗೆರೆಯಲ್ಲಿ ಬಾಡಿಗೆಗಿದ್ದು ಲೇತ್ ಕೆಲಸ ಮಾಡುತ್ತಿದ್ದ. ಮಾವ ಮದುವೆಯಲ್ಲಿ ಕೊಟ್ಟ ವಾಚನ್ನು ಕೈಗೆ ಕಟ್ಟಿಕೊಂಡು ಪ್ರತಿ ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಹಾಜರ್. ಮರೆಪ್ಪನವರು ಪರೀಕ್ಷಿಸಿ "ಛೆ, ಛೆ, ಇಪ್ಪತ್ತೊಂದು ನಿಮಿಷ!" ಎಂದು ಮರುಗಿ, ಮುಳ್ಳು ತಿರುಗಿಸಿ, ಕಡ್ಡಿಯನ್ನು ಮಾತ್ರ ಇದ್ದಲ್ಲೇ ಬಿಟ್ಟು, "ಇನ್ನು ಒಂದು ಸೆಕೆಂಡೂ ತಪ್ಪಲ್ಲ ನೋಡಿ" ಎಂದು ಭರವಸೆ ಕೊಡುತ್ತಿದ್ದರು. ಆಮೇಲೆ ಮಧ್ಯಾಹ್ನದವರೆಗೆ ಮಾತು. ಅವನು ಲೇತಿನ ಸುದ್ದಿ ಹೇಳುವನು, ಇವರು ಕೆಂಪು ಶಾಯಿಯ ಪರಾಕ್ರಮ ಹೇಳುವರು. ಮರೆಪ್ಪನವರು ಅವನಿಗೆಂದೇ ಎರಡನೇ ಸ್ಟೂಲ್ ತಂದರು. ಶನಿವಾರವೇ ಕ್ಷೌರ ಮಾಡಿಸಿಕೊಳ್ಳತೊಡಗಿದರು. ಏಳು ಭಾನುವಾರ ಹೀಗೆ ಸುಖವಾಗಿ ಕಳೆದವು.

ಆಮೇಲಿನ ಬುಧವಾರ ತುಂಗಾ ತರಕಾರಿಗೆ ಹೋಗಿದ್ದಾಗ ಬಾಳೇಶನ ಹೆಂಡತಿ ಗುರುದೇವಿ ಬ್ಲೌಸ್ ಒಯ್ಯಲು ಬಂದಳು. ಮರೆಪ್ಪನವರನ್ನು ಅವಳು ನೋಡಿದ್ದು ಅದೇ ಮೊದಲು. ಹೊಲಿಗೆ ದುಡ್ಡು ಕೇಳಿದರು.

"ಅಕ್ಕಾರು ರೊಕ್ಕ ಬ್ಯಾಡ ಅಂದಾರ್ರಿ. ನಮ್ಮ ಮನ್ಯಾರು ಐತವಾರ ಇಲ್ಲಿ ಬಂದು ಕುಂದರ್ತಾರಲ್ರಿ, ಅದಕ್ಕ."

"ಕೂತ್ಕೊಳ್ಳೋದಕ್ಕಾ?"

"ಹೌದ್ರಿ. ಅಕ್ಕಾರ ಯಜಮಾನ್ರು ಒಬ್ಬರ ಕುಂತು ಕುಂತು ಮಂಕಾಗ್ಯಾರಂತ. ವಾರಕ್ಕೊಮ್ಮಿ ಯಾರರ ಮಾತಾಡಿಸಿದ್ರ ಚಲೋ ಅಂತ ಅಕ್ಕಾರ ಫೋನ್ ಮಾಡಿ ಕರಸ್ತಾರ್ರಿ." ಅವಳು ಒಳಗಡೆ ಇಣುಕಿ ದನಿ ತಗ್ಗಿಸಿದಳು. "ಆ ಮುದುಕರು ಈಗ ಹೆಂಗದಾರ್ರಿ? ನೀವು ಅವರ ತಮ್ಮರೇನ್ರಿ?"

"ಪರವಾಗಿಲ್ಲಮ್ಮ," ಎಂದರು ಮರೆಪ್ಪನವರು. "ಸ್ವಲ್ಪ ಚೇತರಿಸ್ಕೊಂಡಿದ್ದಾರೆ."

ತುಂಗಾ ತರಕಾರಿ ಚೀಲ ಕೆಳಗಿಡುವುದರೊಳಗೆ ಯುದ್ಧ ಶುರುವಾಯಿತು.

"ಕಟ್ಟಿಕೊಂಡ ಗಂಡನಿಗೆ ಸ್ನೇಹಿತನ್ನ ಬಾಡಿಗೆಗೆ ತರ್ತೀಯೇನೇ?"

"ಇನ್ನೇನು ಮಾಡ್ಲಿ? ವಾಚ್ ಜೊತೆ ಮಾತಾಡ್ತಾ ಇದ್ರಿ. ಮೂರು ತಿಂಗಳ ಹಿಂದೆ ಒಂದಕ್ಕೆ ‘ತಿಂಡಿ ಆಯ್ತಾ’ ಅಂತ ಕೇಳಿದ್ದು ನನ್ನ ಕಿವಿಗೆ ಬಿತ್ತು. ನಂಗೆ ಭಯ ಆಯ್ತು ಕಣ್ರೀ."

(ಮರೆಪ್ಪನವರು ಕೇಳಿದ್ದು ನಿಜ.) ಆದರೂ ಮಾನದ ಪ್ರಶ್ನೆ. "ಈ ಭಾನುವಾರ ಫೋನೂ ಇಲ್ಲ, ಬಿಟ್ಟಿ ಬ್ಲೌಸೂ ಇಲ್ಲ. ಬರೋದಿದ್ರೆ ತಾನಾಗೇ ಬರ್ಲಿ!"

"ಬರದೇ ಹೋದ್ರೆ?"

"ಹೋಗ್ಲಿ," ಎಂದರು. ಎನ್ನುವುದೇನೋ ಎಂದರು, ಮೂರು ದಿನ ಅನ್ನ ಸೇರಲಿಲ್ಲ.

ಭಾನುವಾರ ಬಂತು. ಕ್ಷೌರವಾಗಿತ್ತು, ಸ್ಟೂಲ್ ಒರೆಸಿಯಾಗಿತ್ತು. ನಲವತ್ತೊಂದು ವಾಚುಗಳಲ್ಲೂ ಹತ್ತು ಗಂಟೆಯಾಯಿತು. ಗೇಟಿನ ಸದ್ದಿಲ್ಲ. ಹತ್ತೂ ಐದು. ಹತ್ತೂ ಹತ್ತು. ಕೋಣೆಯ ತುಂಬ ಟಿಕ್ ಟಿಕ್ ಬಿಟ್ಟರೆ ಇನ್ನೇನೂ ಇಲ್ಲ. ಮೂವತ್ತು ವರ್ಷ ಬೇರೆಯವರ ನಿಮಿಷಗಳನ್ನು ಎಣಿಸಿದ್ದವರಿಗೆ ನಿಮಿಷ ಎಂದರೆ ಇಷ್ಟು ಉದ್ದವೆಂದು ಗೊತ್ತೇ ಇರಲಿಲ್ಲ. ಹತ್ತೂ ಹದಿನೈದಕ್ಕೆ ಎರಡನೇ ಸ್ಟೂಲನ್ನು ಮಂಚದ ಕೆಳಗೆ ತಳ್ಳಿದರು. ಹತ್ತೂ ಇಪ್ಪತ್ತಕ್ಕೆ ಗೇಟಿನ ಬೋರ್ಡ್ ಬಿಚ್ಚಲು ಹೊರಟರು. ಕಣ್ಣು ಮಂಜಾಗಿ ತಂತಿಯ ಗಂಟು ಕಾಣಲಿಲ್ಲ.

"ಏನ್ ಮಾಡಾಕತ್ತೀರಿ ಸಾಹೇಬ್ರ?"

ಬಾಳೇಶ! ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಕರದಂಟಿನ ಪೊಟ್ಟಣ. "ಇವತ್ತ ಅಕ್ಕಾರ ಫೋನ್ ಬರಲಿಲ್ರಿ. ಅದಕ್ಕ ವಾಚ್ ನೋಡಿಕೋತ ಬಂದೆ. ಹತ್ತಂದ್ರ ಹತ್ತ!" ಎಂದು ಮುಂಗೈ ಚಾಚಿದ. ವಾಚಿನಲ್ಲಿ ಹತ್ತು ಗಂಟೆ, ಒಂದು ಸೆಕೆಂಡೂ ಹೆಚ್ಚಿಲ್ಲ. "ಮೊಬೈಲ್ ಒಂದು ಏನೇನೋ ತೋರಸಾಕತ್ತೈತಿ. ನೀವ ರಿಪೇರಿ ಮಾಡಿದ ವಾಚ್ ಮುಂದ ಮೊಬೈಲ್ ಏನ್ ಲೆಕ್ಕರಿ?"

ಮರೆಪ್ಪನವರ ಬಾಯಿಗೆ ಬಂದ ತಪ್ಪೊಪ್ಪಿಗೆ ಅಲ್ಲೇ ಉಳಿಯಿತು. ಒಳಗೆ ಹೋದ ಬಾಳೇಶ ಗೋಡೆಯ ಉದ್ದಕ್ಕೂ ತೂಗುತ್ತಿದ್ದ ವಾಚುಗಳನ್ನು ನೋಡಿ ಗಾಬರಿಯಾದ.

"ಸಾಹೇಬ್ರ, ಇವು ಎಲ್ಲಾ ಇಪ್ಪತ್ತೊಂದು ನಿಮಿಷ ಮುಂದ ಓಡ್ಯಾವಲ್ರಿ! ಯಾರ್ ರಿಪೇರಿ ಮಾಡಿದ್ರು?"

ಮೂವತ್ತು ವರ್ಷದಲ್ಲಿ ಯಾರಿಗೂ ಒಂದು ನಿಮಿಷ ಬಿಟ್ಟುಕೊಡದ ಮರೆಪ್ಪನವರು ತಲೆ ತಗ್ಗಿಸಿದರು. "ನಾನೇ ಕಣಪ್ಪ. ವಯಸ್ಸಾಯ್ತು, ಕೈ ಕೇಳಲ್ಲ."

"ಇರಲಿ ಬಿಡ್ರಿ, ಮನಸಿಗೆ ಹಚ್ಕೋಬ್ಯಾಡ್ರಿ," ಎಂದು ಬಾಳೇಶ ಅವರ ಭುಜ ತಟ್ಟಿ, ಮಂಚದ ಕೆಳಗಿನಿಂದ ಸ್ಟೂಲ್ ಎಳೆದುಕೊಂಡ. "ಇಬ್ಬರೂ ಕುಂತು ಸರಿ ಮಾಡೂಣು."

ಮಧ್ಯಾಹ್ನದ ಹೊತ್ತಿಗೆ, ಸರಿಯಾಗಿದ್ದ ನಲವತ್ತೊಂದು ವಾಚುಗಳನ್ನೂ ಇಬ್ಬರೂ ಸೇರಿ ಕೆಡಿಸಿ ಮುಗಿಸಿದರು. ಕಾಫಿ ತಂದ ತುಂಗಾ ಗೋಡೆ ನೋಡಿದರು, ಮೊಬೈಲ್ ನೋಡಿದರು, ಗಂಡನ ಮುಖ ನೋಡಿ, ಲೋಟಗಳನ್ನಿಟ್ಟು ಒಳಗೆ ಹೋದರು. ಅವನು ಹೊರಡುವ ಮುಂಚೆ ಮರೆಪ್ಪನವರು "ಒಂದು ತೊಟ್ಟು ಎಣ್ಣೆ ಬಿಡ್ತೀನಿ" ಎಂದು ಬಾಳೇಶನ ವಾಚು ಇಸಿದುಕೊಂಡು, ಕಡ್ಡಿಯನ್ನು ನಡುವಿಗೆ ತಂದು, ಮುಳ್ಳನ್ನು ಇಪ್ಪತ್ತೊಂದು ನಿಮಿಷ ಮುಂದಿಟ್ಟು ಕೊಟ್ಟರು. ಸೋಮವಾರ ಅವನ ಕಾರ್ಖಾನೆಯಲ್ಲೂ ಯಾರೋ ಒಬ್ಬ ಮರೆಪ್ಪ ಕೆಂಪು ಶಾಯಿ ಹಿಡಿದು ಕೂತಿರುತ್ತಾನಲ್ಲ.

"ಈಗ ನಿಮ್ಮ ವಾಚ್‌ಗಳನ್ನೂ ಸರಿ ಮಾಡ್ಕೊಳ್ಳಿ," ಎಂದರು ತುಂಗಾ, ಬಾಳೇಶ ಹೋದ ಮೇಲೆ.

"ಬೇಡ ಕಣೇ, ಹಾಗೇ ಇರ್ಲಿ."

"ಮುಂದಿನ ವಾರ ಬಂದು, ಎಲ್ಲಾ ಹಿಂದೆ ಬಿದ್ದಿದೆ ಅಂತಾನೆ ಅಷ್ಟೆ."

"ಅನ್ಲಿ. ಮತ್ತೆ ನಲವತ್ತೊಂದನ್ನೂ ಮುಂದಕ್ಕೆ ಇಡಬೇಕಾಗುತ್ತೆ. ಇಬ್ರಿಗೂ ಮಧ್ಯಾಹ್ನದವರೆಗೆ ಕೆಲಸ."

ತುಂಗಾ ಹಲ್ಲಲ್ಲಿ ದಾರ ಕಡಿದರು. "ಅಂತೂ ಹುಕ್ಕು ಸಡಿಲ ಬಿಟ್ರಿ ಅನ್ನಿ."