ಪುಸ್ತಕಕ್ಕೇ ಪರೀಕ್ಷೆ ಇಟ್ಟ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಎಂ.ಕಾಂ.ನಲ್ಲಿ ಎರಡು ಸಲ ಫೇಲಾದದ್ದು ಓದದೆ ಅಲ್ಲ, ಬೇಕಾದ್ದಕ್ಕಿಂತ ಹೆಚ್ಚು ಓದಿ! ಲೋಕದಲ್ಲೆಲ್ಲ ವಿದ್ಯಾರ್ಥಿ ಪುಸ್ತಕ ಓದಿ ಪರೀಕ್ಷೆಗೆ ಕೂರುತ್ತಾನೆ. ಹರದನಹಳ್ಳಿಯ ನಮ್ಮ ಮನೆಯಲ್ಲಿ ಮಾತ್ರ ಪರೀಕ್ಷೆಗೆ ಕೂರುತ್ತಿದ್ದದ್ದು ಪುಸ್ತಕ. ಚಿಕ್ಕಪ್ಪ ಅದನ್ನು ಸಂತೆಯಲ್ಲಿ, ಅಡುಗೆಮನೆಯಲ್ಲಿ, ಸಿಕ್ಕಸಿಕ್ಕ ಕಡೆ ಪರೀಕ್ಷೆ ಮಾಡುತ್ತಿದ್ದರು. ಅದು ಒಂದು ಸಲವೂ ಪಾಸಾಗಲಿಲ್ಲ ಅನ್ನಿ. ಆದರೆ ನಷ್ಟವೆಲ್ಲ ನಮ್ಮ ಮನೆಗೇ ಆಗುತ್ತಿತ್ತು.

ಅವರು ನಮ್ಮ ಅಪ್ಪನ ಕೊನೆಯ ತಮ್ಮ. ಆಗ ತೊಂಬತ್ತರ ದಶಕದ ಮೊದಲ ವರ್ಷಗಳು, ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ನಮ್ಮ ವಂಶದಲ್ಲಿ ಡಿಗ್ರಿ ದಾಟಿ ಮುಂದಕ್ಕೆ ಹೋದವರು ಅವರೊಬ್ಬರೇ. ಮೈಸೂರಿನ ಹಾಸ್ಟೆಲಿನಲ್ಲಿದ್ದು ಎಂ.ಕಾಂ. ಓದಿ ಊರಿಗೆ ಬಂದಾಗ ಒಂದೇ ಒಂದು ಪೇಪರ್ ಬಾಕಿ ಉಳಿದಿತ್ತು: ಮ್ಯಾನೇಜೀರಿಯಲ್ ಎಕನಾಮಿಕ್ಸ್. ಅಂದರೆ, ವ್ಯಾಪಾರ ನಡೆಸುವವರಿಗೆ ಬೇಕಾದ ಅರ್ಥಶಾಸ್ತ್ರ. ಲೆಕ್ಕದ ಪೇಪರುಗಳನ್ನೆಲ್ಲ ಅವರು ಸಲೀಸಾಗಿ ಮುಗಿಸಿದ್ದರು. ಲೆಕ್ಕದ ಜೊತೆ ಯಾರಾದರೂ ವಾದ ಮಾಡುವುದಕ್ಕಾಗುತ್ತದೆಯೇ? ಈ ಪೇಪರಿನ ಜೊತೆ ಆಗುತ್ತಿತ್ತು. ‘ಬೆಲೆ ಇಳಿದರೆ ಬೇಡಿಕೆ ಏರುತ್ತದೆ’ ಎಂದು ಪುಸ್ತಕದಲ್ಲಿದ್ದರೆ ಉಳಿದ ಹುಡುಗರು ಅದರ ಕೆಳಗೆ ಗೆರೆ ಎಳೆದು ಬಾಯಿಪಾಠ ಮಾಡುತ್ತಿದ್ದರು. ಚಿಕ್ಕಪ್ಪ ಪುಸ್ತಕ ಮುಚ್ಚಿ, “ಇದ್ನ ಯಾರ್ ನೋಡವ್ರೆ?” ಎಂದು ಕೇಳುತ್ತಿದ್ದರು. ಅಡುಗೆಮನೆಯಲ್ಲಿದ್ದ ನಮ್ಮವ್ವನನ್ನು ಕೇಳಿದರೆ ಅವಳಾದರೂ ಏನು ಹೇಳಿಯಾಳು? ಒಂದು ಲೋಟ ಕಾಫಿ ತಂದಿಟ್ಟು ಹೋಗುತ್ತಿದ್ದಳು.

ಒಂದು ಸಲ ಅಪ್ಪ ನಮ್ಮ ಹೊಲದ ಸಿಹಿಗುಂಬಳವನ್ನು ಟೆಂಪೋಗೆ ತುಂಬಿಸಿ, ಗುಂಡ್ಲುಪೇಟೆಯಲ್ಲಿ ಮಾರಿಕೊಂಡು ಬಾ ಎಂದು ಚಿಕ್ಕಪ್ಪನನ್ನು ಕಳಿಸಿದರು. ಅಲ್ಲಿಗೆ ಕೇರಳದ ವ್ಯಾಪಾರಿಗಳು ಲಾರಿ ತಗೊಂಡು ಬರುತ್ತಿದ್ದರು. ಒಳ್ಳೆಯ ಕುಂಬಳಕಾಯಿ ಕಂಡರೆ ಬಿಡುವವರಲ್ಲ. ಚಿಕ್ಕಪ್ಪನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೆಲ್ಲಿ ಸಿಗಬೇಕು! ಅಕ್ಕಪಕ್ಕದವರು ಹೇಳುತ್ತಿದ್ದ ಬೆಲೆಯ ಅರ್ಧಕ್ಕೆ ಕೂಗಿದರು. ಪುಸ್ತಕದ ಪ್ರಕಾರ ಜನ ಮುಗಿಬೀಳಬೇಕಿತ್ತು. ಮೊದಲು ಬಂದ ವ್ಯಾಪಾರಿ ಕಾಯನ್ನು ತಟ್ಟಿ ನೋಡಿದ, ಮೂಸಿ ನೋಡಿದ, ಆಮೇಲೆ ಚಿಕ್ಕಪ್ಪನ ಮುಖವನ್ನು ನೋಡಿದ.

“ಎಂದಾ ಸಾರೇ, ಏನಿದು ಇಷ್ಟು ಕಮ್ಮಿ? ಇದರಲ್ಲಿ ಏನೋ ಕೇಡುಂಟು” ಎಂದವನೇ ಪಕ್ಕದವರ ಹತ್ತಿರ ಹೋಗಿ ಪೂರ್ತಿ ಬೆಲೆ ಕೊಟ್ಟು ಕೊಂಡ. ಚಿಕ್ಕಪ್ಪ ಬೆಲೆಯನ್ನು ಇನ್ನಷ್ಟು ಇಳಿಸಿದರು. ಆಮೇಲೆ ಒಂದು ನರಪಿಳ್ಳೆಯೂ ಹತ್ತಿರ ಸುಳಿಯಲಿಲ್ಲ. ಸಂಜೆಗೆ ಟೆಂಪೋ ಹೋದ ಹಾಗೆಯೇ ವಾಪಸ್ಸು ಬಂದು ನಮ್ಮ ಮನೆ ಮುಂದೆ ನಿಂತಿತು.

“ಒಂದೂ ಓಗ್ನಿಲ್ವೇನ್ಲಾ?” ಎಂದು ಅಪ್ಪ ಕೇಳಿದರು.

“ಇಲ್ಲ ಕಣಣ್ಣ” ಎಂದರು ಚಿಕ್ಕಪ್ಪ. ಮುಖದಲ್ಲಿ ಗೆದ್ದವರ ಕಳೆ. “ಪುಸ್ತಕ ತಪ್ಪು.”

ಅಂದಿನಿಂದ ನಮ್ಮ ಮನೆಯಲ್ಲಿ ಕುಂಬಳಕಾಯಿ ಪಲ್ಯ, ಕುಂಬಳಕಾಯಿ ಸಾರು, ಕುಂಬಳಕಾಯಿ ದೋಸೆ, ಕುಂಬಳಕಾಯಿ ಪಾಯಸ. ನಮ್ಮ ಅಜ್ಜಿ ತಟ್ಟೆ ನೋಡಿಕೊಂಡು ನಿಟ್ಟುಸಿರು ಬಿಟ್ಟಳು. “ಮುಂದ್ಕೆ ಯಾವ್ದಾರ ಪುಸ್ತಕ ತಪ್ಪು ಅಂತ ತೋರ್ಸದಾದ್ರೆ ಕೋಳಿ ತಕಂಡೋಗ್ಲಾ ಮಗ. ಮಾರ್ದೆ ಉಳುದ್ರೂ ನಾಲ್ಗೆಗಾಯ್ತದ.”

ಚಿಕ್ಕಪ್ಪ ಅಷ್ಟಕ್ಕೇ ಬಿಟ್ಟಿದ್ದರೆ ಪರವಾಗಿರಲಿಲ್ಲ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಾಗ, ಈ ನಿಯಮ ಗುಂಡ್ಲುಪೇಟೆಯಲ್ಲಿ ನಡೆಯುವುದಿಲ್ಲ, ನಾನೇ ನಿಂತು ನೋಡಿದ್ದೇನೆ ಎಂದು ಪುಟಗಟ್ಟಲೆ ಬರೆದು ಬಂದರು. ಉತ್ತರ ಪತ್ರಿಕೆ ತಿದ್ದಿದ ಮಹಾನುಭಾವರು ಗುಂಡ್ಲುಪೇಟೆಗೆ ಬಂದು ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ. ಫೇಲು.

ಮುಂದಿನ ಸರದಿ ಶ್ರಮ ವಿಭಜನೆಯದು. ಒಂದು ಕೆಲಸವನ್ನು ಹಲವರು ಹಂಚಿಕೊಂಡು ಮಾಡಿದರೆ ಬೇಗವೂ ಆಗುತ್ತದೆ, ಚೆನ್ನಾಗಿಯೂ ಆಗುತ್ತದೆ ಎಂದು ಪುಸ್ತಕ ಹೇಳುತ್ತಿತ್ತು. ಚಿಕ್ಕಪ್ಪನ ಕಣ್ಣು ಅವ್ವನ ರಾಗಿಮುದ್ದೆಯ ಮೇಲೆ ಬಿತ್ತು. ಎಸರಿಗಿಡುವುದು ಅವ್ವ, ಹಿಟ್ಟು ಹಾಕುವುದು ನಾನು, ಕೋಲು ಹಾಕಿ ತಿರುವುವುದು ಸ್ವತಃ ಚಿಕ್ಕಪ್ಪ, ಉಂಡೆ ಕಟ್ಟುವುದು ಅಪ್ಪ. ಅಜ್ಜಿ ಮೇಲ್ವಿಚಾರಕಿ. ಅವಳ ಕೈಗೆ ಚಿಕ್ಕಪ್ಪನ ಕೈಗಡಿಯಾರ. ಅವಳಿಗೆ ಗಂಟೆ ನೋಡಲು ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ನಾನು ಹಿಟ್ಟು ಹಾಕುವ ಹೊತ್ತಿಗೆ ಚಿಕ್ಕಪ್ಪ ಇನ್ನೂ ಕೋಲು ಹುಡುಕುತ್ತಿದ್ದರು. ಕೋಲು ಸಿಗುವ ಹೊತ್ತಿಗೆ ಅಪ್ಪ ಕಾದೂ ಕಾದೂ ಎದ್ದು ಹೋಗಿದ್ದರು. ಪಾತ್ರೆಯೊಳಗೆ ಗಂಟುಗಂಟಾದ ಏನೋ ಒಂದು ಇತ್ತು, ಅದಕ್ಕೆ ಯಾರೂ ಹೆಸರಿಡಲಿಲ್ಲ.

“ದಿನಾ ನಾನೊಬ್ಳೇ ಮಾಡ್ತಿದ್ದೆ, ಎಲ್ರೂ ಉಣ್ತಿದ್ರಿ” ಎಂದಳು ಅವ್ವ. “ಇವತ್ತು ಎಲ್ರೂ ಮಾಡುದ್ರಿ, ಒಬ್ರೂ ಉಣ್ಣಂಗಿಲ್ಲ.”

ಚಿಕ್ಕಪ್ಪ ಇದನ್ನೂ ಪರೀಕ್ಷೆಯಲ್ಲಿ ಬರೆದರು. ಮತ್ತೆ ಫೇಲು. ಅವರಿಗೇನೂ ಬೇಸರವಿರಲಿಲ್ಲ. ಹೊಲವಿತ್ತು, ಕೆಲಸವಿತ್ತು, ಹೊತ್ತಿಗೆ ಸರಿಯಾಗಿ ಊಟವಿತ್ತು. ಪಾಸಾಗುವುದಕ್ಕಿಂತ ಪುಸ್ತಕವನ್ನು ಸುಳ್ಳೆಂದು ಹಿಡಿಯುವುದರಲ್ಲೇ ಅವರಿಗೆ ರುಚಿ.

ಎತ್ತು ಬಂದದ್ದು ಅದಾದ ಮೇಲೆ. ಪೂರ್ಣ ಪೈಪೋಟಿಯ ಮಾರುಕಟ್ಟೆಯಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಎಲ್ಲರಿಗೂ ಬೆಲೆ ಗೊತ್ತಿರುತ್ತದೆ ಎಂದು ಪುಸ್ತಕದ ಹೇಳಿಕೆ. ಚಿಕ್ಕಪ್ಪನಿಗೆ ನಗು ಬಂತು. ತೆರಕಣಾಂಬಿಯ ದನದ ಸಂತೆಯಲ್ಲಿ ವ್ಯಾಪಾರ ಹೇಗೆ ನಡೆಯುತ್ತದೆ ಎಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಇಬ್ಬರು ಕೈ ಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಒಂದು ಟವೆಲ್ ಮುಚ್ಚುತ್ತಾರೆ. ಒಳಗೆ ಇಷ್ಟು ಬೆರಳು ಹಿಡಿದರೆ ಇಷ್ಟು ಬೆಲೆ. ಬಾಯಲ್ಲಿ ಮಾತ್ರ ಮಳೆ ಬೆಳೆ, ಮಗಳ ಮದುವೆ. ಪಕ್ಕದಲ್ಲಿ ನಿಂತವನಿಗೂ ಬೆಲೆ ಗೊತ್ತಾಗುವುದಿಲ್ಲ. ಆ ಟವೆಲ್ಲಿನೊಳಗೆ ಏನಾಗುತ್ತದೆ ಎಂದು ತಿಳಿದೇ ತೀರಬೇಕೆಂದು ಚಿಕ್ಕಪ್ಪ ಸಂತೆಯ ದಿನ ಬಸ್ಸು ಹತ್ತಿದರು.

ಮಾರನೆಯ ದಿನ ಬೆಳಿಗ್ಗೆ ಅವರು ಬಸ್ಸಿನಲ್ಲಿ ಬರಲಿಲ್ಲ, ನಡೆದುಕೊಂಡು ಬಂದರು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ಮುರಿದ ಕೊಂಬಿನ ಒಂದು ಎತ್ತು, ಎತ್ತಿನ ಹಿಂದೆ ದುಡ್ಡು ವಸೂಲಿಗೆ ಬಂದ, ಕೊಡೆ ಹಿಡಿದ ದಲ್ಲಾಳಿ. ಅಪ್ಪ ಜಗಲಿಯಿಂದ ಎದ್ದರು.

“ಏನ್ಲಾ ಇದು?”

“ಎತ್ತು ಕಣಣ್ಣ.”

“ಅದು ನಂಗೂ ಕಾಣ್ತದ. ಯಾಕ್ ಬಂತು?”

“ಬೆಲೆ ಎಂಗ್ ತೀರ್ಮಾನ ಆಯ್ತದ ಅಂತ ನೋಡಕೋಗಿದ್ದೆ” ಎಂದರು ಚಿಕ್ಕಪ್ಪ. “ತೀರ್ಮಾನ ಆಗ್ಬುಡ್ತು.”

ನಡೆದದ್ದು ಇಷ್ಟೇ. ಟವೆಲ್ಲಿನೊಳಗೆ ಕೈ ಹಾಕಿ, ಇಷ್ಟು ಬೆರಳು ಹಿಡಿದರೆ ಎಷ್ಟು ಎಂದು ಕೇಳುವುದಕ್ಕೆ ಎತ್ತಿನ ಯಜಮಾನನ ಬೆರಳು ಹಿಡಿದಿದ್ದಾರೆ. ಆತ ಸರಿ ಎಂದು ತಲೆಯಾಡಿಸಿ ಹಗ್ಗವನ್ನು ಇವರ ಕೈಗೆ ಕೊಟ್ಟಿದ್ದಾನೆ! ಸಂತೆಯಲ್ಲಿ ಬೆರಳು ಹಿಡಿದು ಒಪ್ಪಿದ ಮೇಲೆ ಹಿಂದಕ್ಕೆ ಸರಿಯುವ ಹಾಗಿಲ್ಲ. ಹಾಗೆ ಸರಿದವನಿಗೆ ಅಲ್ಲಿ ಮತ್ತೆ ಯಾರೂ ಕೈ ಕೊಡುವುದಿಲ್ಲ. ಮನೆಯ ಮಾತು ಹೋಗಬಾರದೆಂದು ಅಪ್ಪ ಹಲ್ಲು ಕಚ್ಚಿಕೊಂಡು ದಲ್ಲಾಳಿಗೆ ದುಡ್ಡು ಕೊಟ್ಟು ಎತ್ತನ್ನು ಇಟ್ಟುಕೊಂಡರು. ನಮ್ಮಲ್ಲಿ ಆಗಲೇ ಒಂದು ಜೊತೆ ಎತ್ತುಗಳಿದ್ದವು. ಈ ಮೂರನೆಯದಕ್ಕೆ ಜೋಡಿಯೂ ಇಲ್ಲ, ಕೆಲಸವೂ ಇಲ್ಲ. ಕೊಟ್ಟಿಗೆಯಲ್ಲಿ ನಿಂತು ಹುಲ್ಲು ಮೆಲ್ಲುತ್ತಾ ಎಲ್ಲರನ್ನೂ ನೋಡುತ್ತಿತ್ತು.

ಇಲ್ಲಿಯವರೆಗೆ ಎಲ್ಲವೂ ನಗುವ ಮಾತೇ. ನಾನೂ ಬಿದ್ದು ಬಿದ್ದು ನಗುತ್ತಿದ್ದೆ. ಆದರೆ ಎತ್ತಿನಿಂದಾದ ಅಪ್ಪನ ಸಿಟ್ಟು ಬಂದು ನನ್ನ ತಲೆಯ ಮೇಲೆ ಬಿತ್ತು. ನಾನು ಆಗ ತಾನೇ ಪಿ.ಯು.ಸಿ. ಎರಡನೇ ವರ್ಷದ ಪರೀಕ್ಷೆ ಬರೆದಿದ್ದೆ. ಚಿಕ್ಕಪ್ಪನ ಪುಸ್ತಕಗಳನ್ನು ತಿರುವಿ ತಿರುವಿಯೇ ಕಾಮರ್ಸ್ ತೆಗೆದುಕೊಂಡವಳು ನಾನು. ಚಾಮರಾಜನಗರದಲ್ಲಿ ಬಿ.ಕಾಂ. ಮಾಡಿ, ಆಮೇಲೆ ಮೈಸೂರಿಗೆ ಹೋಗಿ ಎಂ.ಕಾಂ. ಮಾಡಬೇಕೆಂದು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ. ಅತ್ತ ಕುದೇರಿನಿಂದ ಒಂದು ಸಂಬಂಧದವರು ಹೆಣ್ಣು ನೋಡಲು ಯಾವಾಗ ಬರೋಣ ಎಂದು ಹೇಳಿ ಕಳಿಸುತ್ತಿದ್ದರು. ಅಪ್ಪ ಅದುವರೆಗೆ ಎರಡಕ್ಕೂ ಉತ್ತರ ಕೊಟ್ಟಿರಲಿಲ್ಲ. ಅಂದು ಊಟಕ್ಕೆ ಕುಳಿತಾಗ ಕೊಟ್ಟರು.

“ಓದು ಅಂದ್ರೆ ಏನು ಅಂತ ಕೊಟ್ಗೇಲಿ ಕಟ್ಟಾಕಿವ್ನಿ, ಎಲ್ರೂ ನೋಡ್ಕಳಿ” ಎಂದು ಶುರುಮಾಡಿ ನನ್ನ ಕಡೆ ತಿರುಗಿದರು. “ಈ ಸಲ ಇವ್ನು ಪಾಸಾದ್ರೆ ನೀನೂ ಕಾಲೇಜ್ಗೋಗು, ಬ್ಯಾಡ ಅನ್ನಕ್ಕಿಲ್ಲ. ಆಗ್ನಿಲ್ಲ ಅಂದ್ರೆ ಕುದೇರ್ನವ್ರಿಗೆ ಬನ್ನಿ ಅಂತೀನಿ.”

ಇದೆಂಥ ನ್ಯಾಯ ಹೇಳಿ! ನನ್ನ ಬಿ.ಕಾಂ. ನನ್ನ ಮಾರ್ಕ್ಸಿನ ಮೇಲೆ ನಿಲ್ಲದೆ, ಬೆರಳು ಹಿಡಿಯಲು ಹೋಗಿ ಎತ್ತು ತಂದವರ ಎಂ.ಕಾಂ. ಮೇಲೆ ನಿಂತಿತು. ಅಪ್ಪನ ಎದುರು ಮಾತಾಡುವ ಧೈರ್ಯ ನನಗಿರಲಿಲ್ಲ. ಚಿಕ್ಕಪ್ಪ ತಲೆ ಬಗ್ಗಿಸಿಕೊಂಡು ಉಣ್ಣುತ್ತಿದ್ದರು.

ಮರುದಿನ ಹಿತ್ತಲಿನಲ್ಲಿ ಅವರನ್ನು ಹಿಡಿದೆ. “ಚಿಕ್ಕಪ್ಪ, ಈ ಸಲ ಪುಸ್ತಕದಲ್ಲಿ ಇದ್ದಂಗೇ ಬರ್ದ್ಬುಡು.”

“ನೋಡ್ದೆ ಇರದ್ನ ಎಂಗ್ ಬರೀಲಮ್ಮಿ?” ಎಂದರು ಅವರು. ಅಲ್ಲಿಗೆ ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅವತ್ತಿನಿಂದ ಚಿಕ್ಕಪ್ಪ ಸಂತೆ ಕಡೆ ತಲೆ ಹಾಕಲಿಲ್ಲ. ಅಡುಗೆಮನೆಗೆ ಬರಲಿಲ್ಲ. ಯಾರನ್ನೂ ಏನನ್ನೂ ಕೇಳಲಿಲ್ಲ. ಕೊಟ್ಟಿಗೆಯ ಪಕ್ಕ ಚಾಪೆ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಓದಿದ್ದೇ ಓದಿದ್ದು. ಜ್ವರವೇನಾದರೂ ಬಂದಿದೆಯೋ ಎಂದು ಅವ್ವ ಅವರ ಹಣೆ ಮುಟ್ಟಿ ನೋಡಿದಳು. ಅಜ್ಜಿಯಂತೂ ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತಳು. “ಮಾದಪ್ಪ, ಇವ್ನಿಗೆ ಬುದ್ಧಿ ಕೊಡು ಅಂತ ಕೇಳಕ್ಕಿಲ್ಲ ಕಣಪ್ಪ, ಅದು ನಿನ್ ಕೈಲೂ ಆಗಕ್ಕಿಲ್ಲ. ಪಾಸ್ ಮಾಡ್ಬುಡು ಸಾಕು.” ಮೈಸೂರಿಗೆ ಹೋಗಿ ಪರೀಕ್ಷೆ ಬರೆದು ಬಂದ ಚಿಕ್ಕಪ್ಪನನ್ನು, ಹೇಗೆ ಬರೆದೆ ಎಂದು ಕೇಳಿದರೆ, “ಬರ್ದೆ” ಎಂದು ಹೇಳಿ ಮಲಗಿಬಿಟ್ಟರು. ಎಂದಿನ ಹಾಗೆ ಜಗಳದ ಕಥೆ ಹೇಳಲಿಲ್ಲ. ನನಗೆ ಇನ್ನೂ ಭಯವಾಯಿತು.

ಫಲಿತಾಂಶ ಬಂದ ದಿನ ಚಿಕ್ಕಪ್ಪ ಮುಂಜಾನೆಯ ಬಸ್ಸಿಗೆ ಮೈಸೂರಿಗೆ ಹೋದರು. ನಾನು ಪಿ.ಯು.ಸಿ.ಯಲ್ಲಿ ಆಗಲೇ ಪಾಸಾಗಿದ್ದೆ, ಆದರೆ ಅದನ್ನು ಕೇಳುವವರು ಯಾರು? ಕಾಲೇಜಿನಲ್ಲಿ ಅರ್ಜಿ ಕೊಡುವ ಗಡುವು ಹತ್ತಿರ ಬಂದಿತ್ತು. ಸಂಜೆ ಬಸ್ಸಿನ ಸದ್ದು ಕೇಳಿದಾಗ ನಾವೆಲ್ಲ ಜಗಲಿಯಲ್ಲಿದ್ದೆವು. ಅಪ್ಪ ಮಾತ್ರ ನಮಗೂ ತಮಗೂ ಸಂಬಂಧವಿಲ್ಲದ ಹಾಗೆ ಸರಿಯಾಗಿಯೇ ಇದ್ದ ನೊಗವನ್ನು ರಿಪೇರಿ ಮಾಡುತ್ತಿದ್ದರು.

ಚಿಕ್ಕಪ್ಪ ಬಂದರು. ಮುಖ ಬಾಡಿತ್ತು. ಯಾರನ್ನೂ ನೋಡದೆ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಳ್ಳಲು ಹೋದರು. ಕುದೇರಿನವರು ಆಗಲೇ ಬಂದು ನಮ್ಮ ಜಗಲಿಯಲ್ಲಿ ಕುಳಿತ ಹಾಗೆ ಕಂಡಿತು.

“ಏನಾಯ್ತ್ಲಾ?” ಎಂದರು ಅಪ್ಪ.

“ಪಾಸು” ಎಂದರು ಚಿಕ್ಕಪ್ಪ, ಊರಲ್ಲಿ ಯಾರೋ ತೀರಿಕೊಂಡ ಸುದ್ದಿ ಹೇಳುವವರ ಹಾಗೆ.

ಅಬ್ಬಾ! ಅವ್ವ ಅಲ್ಲೇ ಕಂಬಕ್ಕೊರಗಿ ಕುಳಿತುಬಿಟ್ಟಳು. ಅಜ್ಜಿ ಬೆಟ್ಟದ ದಿಕ್ಕಿಗೆ ಕೈಮುಗಿದಳು. ಎಷ್ಟೋ ದಿನದಿಂದ ನನ್ನ ಕುತ್ತಿಗೆಯ ಮೇಲೆ ಕುಳಿತಿದ್ದ ಭಾರ ಒಂದೇ ಸಲಕ್ಕೆ ಇಳಿಯಿತು. ಅಪ್ಪ ನೊಗವನ್ನು ಕೆಳಗಿಟ್ಟರು. ಅವರಿಗೂ ಸಮಾಧಾನವಾಗಿತ್ತು ಅಂತ ಕಾಣುತ್ತದೆ, ದನಿ ಮೆತ್ತಗಿತ್ತು. “ನಾಳೀಕೆ ಓಗಿ ಅರ್ಜಿ ತಕಬಾ” ಎಂದು ನನಗೆ ಹೇಳಿ ಹೊಲದ ಕಡೆ ಹೊರಟರು.

ನಾನು ಓಡಿ ಹಿತ್ತಲಿಗೆ ಹೋದೆ. ಚಿಕ್ಕಪ್ಪ ಕಾಲು ತೊಳೆದು ತೊಟ್ಟಿಯ ಕಟ್ಟೆಯ ಮೇಲೆ ಕುಳಿತಿದ್ದರು.

“ಪಾಸಾಗಿದ್ದೀಯಲ್ಲ ಚಿಕ್ಕಪ್ಪ, ಯಾಕ್ ಇಂಗೆ ಕುಂತಿದ್ದೀಯ?”

“ಪುಸ್ತಕ್ದಲ್ಲಿ ಇದ್ದಂಗೇ ಬರ್ದ್ಬುಟ್ಟೆ ಕಣಮ್ಮಿ” ಎಂದರು ನೆಲ ನೋಡುತ್ತಾ. “ಒಂದು ಅಕ್ಷರ ನಂದಲ್ಲ. ಅದೆಲ್ಲ ಅಂಗಲ್ಲ ಅಂತ ಗೊತ್ತಿದ್ದೂ ಬರ್ದೆ. ಕೈ ಓಡ್ನೇ ಇಲ್ಲ, ಆದ್ರೂ ಬರ್ದೆ.”

ಎಂಥ ಹಟದ ಮನುಷ್ಯ ಎಂದು ನನಗೆ ಗೊತ್ತಿತ್ತು. “ಯಾಕ್ ಚಿಕ್ಕಪ್ಪ?” ಎಂದೆ.

“ನಾನ್ ಫೇಲಾಗದು ಏನ್ ಹೊಸ್ದಾ? ಎಷ್ಟ್ ಸಲ ಬೇಕಾದ್ರೂ ಆಯ್ತೀನಿ. ನಿನ್ನೂ ಕಟ್ಕಂಡು ಫೇಲಾಗಕೆ ಮನ್ಸು ಬರ್ನಿಲ್ಲ.”

ನನಗೆ ಅಳು ಬಂದುಬಿಟ್ಟಿತು. ಮನೆಯವರೆಲ್ಲ ಎಷ್ಟು ಅಂದರೂ ಬಗ್ಗದವರು, ತಾವು ನಂಬಿದ್ದನ್ನು ನನಗಾಗಿ ಮೈಸೂರಿನ ಯಾವುದೋ ಕೊಠಡಿಯಲ್ಲಿ ಬಿಟ್ಟು ಬಂದಿದ್ದರು. ಚಿಕ್ಕಪ್ಪನೆಂದರೆ ನನಗೆ ಜೀವ ಎಂದು ನನಗೇ ತಿಳಿದದ್ದು ಆ ಸಂಜೆ.

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದರು. ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟರು.

“ಅಳ್ಬ್ಯಾಡ. ನೀನು ಓಗಿ ಚೆನ್ನಾಗ್ ಓದ್ಕ. ಅದ್ರಲ್ಲಿರದು ದಿಟವಾ, ಸುಳ್ಳಾ, ನೀನೇ ನೋಡ್ಕಬಂದು ನಂಗೇಳು.”