ಚಾಪೆಯ ಮೇಲೆ ಬಾಡುವ ಸರದಿ

ಕೆಂಚಣ್ಣನ ಮೇಲೆ ಒಂದು ಹಗಲಿನ ಉಪವಾಸ ಬಾಕಿ ಇತ್ತು. ಬಬ್ಬೂರಿನ ಹತ್ತಿರದ ನರ್ಸರಿಯೊಂದರ ಗೇಟಿನೆದುರು, ಪೆಂಡಾಲಿನ ಕೆಳಗೆ, ಅಲ್ಲಿ ಕೂಲಿ ಮಾಡುವ ಹುಲಿಗೆಮ್ಮ ಅದನ್ನು ವಸೂಲಿ ಮಾಡುತ್ತಿದ್ದಳು.

ಹುಲಿಗೆಮ್ಮ: ಐಮಂಗಲದಾಗೆ ಮಂಡಕ್ಕಿ ಮೆಣಸಿನಕಾಯಿ ತಿಂತಿದ್ಯಂತೆ.

ಕೆಂಚಣ್ಣ: ಮಂಡಕ್ಕಿ ಊಟ ಅಲ್ಲ ಕಣಕ್ಕ. ಬರೀ ಗಾಳಿ.

ಹುಲಿಗೆಮ್ಮ: ಮೆಣಸಿನಕಾಯಿ?

ಕೆಂಚಣ್ಣ: ಗಾಳಿಗೆ ನಂಚ್ಕಳಾಕೆ.

ಆ ನರ್ಸರಿಯಲ್ಲಿ ಸಸಿಗೆ ನೆರಳಿದೆ, ನೀರಿದೆ. ಸಸಿ ಸಾಕುವ ಹೆಂಗಸರಿಗೆ ಕಕ್ಕಸಿಲ್ಲ. ಅದಕ್ಕೇ ದಿನಕ್ಕೊಬ್ಬರಂತೆ ಈ ಸರದಿ ಉಪವಾಸ. ಪೊಲೀಸರ ಅನುಮತಿ ಉಪವಾಸಕ್ಕೆ ಮಾತ್ರ. ಉಪವಾಸ ಕೂರುವ ಚಾಪೆ ಖಾಲಿಯಾದರೆ ಪೆಂಡಾಲು ಕೀಳಿಸಲು ಮ್ಯಾನೇಜರ್ ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. ಇವತ್ತು ಕೆಂಚಣ್ಣನ ಬದಲಿಗೆ ಕೂತಿದ್ದವರು ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು ಪ್ರಭು.

ಪ್ರಭು: ಮಾರ್ಕೆಸ್ಕೊ.

ಹುಲಿಗೆಮ್ಮ: ಏನಂದ್ರಿ ಮೇಷ್ಟ್ರೇ?

ಪ್ರಭು: ಲ್ಯಾಟಿನ್ನು. ಬಾಡ್ತಾ ಇದೀನಿ ಅಂತ. ಪೂರ್ತಿ ಒಣಗಿಲ್ಲ, ಶುರುವಾಗೈತೆ.

ಕೆಂಚಣ್ಣ: ಗಿಡಕ್ಕಷ್ಟೇನಾ, ಮನುಷ್ಯರಿಗೂ ನಡೀತೈತಾ?

ಪ್ರಭು: ನಡೀತೈತೆ. ಕೆಲಸ ಇಲ್ದೆ ಕುಂತು ಸೊರಗೋರಿಗೂ ಅಂತಿದ್ರು.

ಕೆಂಚಣ್ಣ: ಹಂಗಾದ್ರೆ ಮ್ಯಾನೇಜರಿಗೆ ಸರಿಯಾಗೈತೆ.

ಹುಲಿಗೆಮ್ಮ: ಅವನ ಹೊಟ್ಟೆ ನೋಡು. ಅದು ಬಾಡೋ ಪೈಕಿ ಅಲ್ಲ.

ಆ ಮಾತನ್ನು ಪೆಂಡಾಲಿನ ಬೋರ್ಡಿನ ಮೇಲೆ ಬರೆಸೋಣವೆಂದ ಕೆಂಚಣ್ಣ. ಬಾಡಿದ್ದೇವೆಂದು ನಾವೇ ಬರೆದುಕೊಂಡರೆ ಮ್ಯಾನೇಜರ್ ಮನೆಗೆ ಹೋಗಿ ಹಾಯಾಗಿ ಮಲಗುತ್ತಾನೆ ಎಂದು ಹುಲಿಗೆಮ್ಮ ಬೈದಳು. ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, ಅದೇ ಮಾತಿನಿಂದ ಸಸ್ಯಶಾಸ್ತ್ರದವರು ಇನ್ನೊಂದು ಪದ ಮಾಡಿಕೊಂಡಿದ್ದಾರೆ ಎಂದರು.

ಪ್ರಭು: ಕೆಲವು ಎಲೆ ಒಣಗಿದ್ರೂ ಉದುರಲ್ಲ. ಹೊಸ ಚಿಗುರು ಬಂದು ತಳ್ಳೋತನಕ ಕೊಂಬೆ ಬಿಡಲ್ಲ.

ಹುಲಿಗೆಮ್ಮ: ಅದನ್ನ ಬರೀರಿ. ಬಾಡ್ತೀವಿ, ಉದುರಲ್ಲ. ಆ ಮೊದಲ್ನೇ ಮಾತು ಮಾತ್ರ ತಿಳೀಲಿಲ್ಲ. ಅದನ್ನ ಯಾವಾಗ ಆಡ್ತಾರೆ?

ಪ್ರಭು: ಈಗ.

ಎಂದವರೇ ಕಂಬಕ್ಕೆ ಒರಗಿ ನಿಧಾನವಾಗಿ ಜಾರಿದರು. ಪಾಠವೆಂದು ಕೇಳಿದ್ದು ಪಾಠವಾಗಿರಲಿಲ್ಲ. ಮನುಷ್ಯ ಆಗಿನಿಂದ ಹೇಳುತ್ತಲೇ ಇದ್ದ.

ಚಾಪೆಯಿಂದ ಪಕ್ಕಕ್ಕೆ ಮಲಗಿಸಿ, ನೀರು ಚಿಮುಕಿಸಿ ಬಾಯಿಗೆ ಬೆಲ್ಲ ಇಟ್ಟರು. ಮೇಷ್ಟ್ರು ಉಳಿದರು, ಉಪವಾಸ ಮುರಿಯಿತು. ಕೆಂಚಣ್ಣ ಹಾರಿ ಚಾಪೆಯ ಮೇಲೆ ಕೂತ. ಕೂತವನು ತೇಗಿದ. ಮೆಣಸಿನಕಾಯಿಯ ವಾಸನೆ ಗೇಟಿನವರೆಗೂ ಹೋಯಿತು.

ಹುಲಿಗೆಮ್ಮ: ಏಳಲೇ. ಬಾಡೋ ಎಲೆ ತೇಗಲ್ಲ.

ಕೆಂಚಣ್ಣ: ನೀನು ಕುಂತ್ಕ ಮತ್ತೆ.

ಹುಲಿಗೆಮ್ಮ: ನಾನು ಬೆಳಗ್ಗೆ ಎರಡು ಮುದ್ದೆ ಉಂಡೀನಿ. ಸುಳ್ಳು ಉಪವಾಸ ಕೂರಲ್ಲ.

ಮ್ಯಾನೇಜರ್ ಕುರ್ಚಿಯಿಂದ ಎದ್ದು ಚಿಲಕ ತೆಗೆಯುತ್ತಿದ್ದಾನೆ. ಚಾಪೆ ಖಾಲಿ ಇದೆ. ಓದುತ್ತಾ ಕೂತವರೇ, ನೀವು ಬೆಳಗ್ಗೆಯಿಂದ ಏನಾದರೂ ತಿಂದಿದ್ದೀರಾ? ಇಲ್ಲವಾದರೆ ಎದ್ದು ಬಂದು ಇಲ್ಲಿ ಕೂರಿ. ತಿಂದಿದ್ದರೆ ನಾಳೆಯ ಸರದಿ ನಿಮ್ಮದು.